ಹೆಸರು ಮೇಲೆ

ಉಲ್ಲಾಳದ ಮುನಿರಾಜು ಅವರಿಗೆ ಯಾವ ಕೆಲಸ ಒಪ್ಪಿಸಿದರೂ ಮೈಮುರಿದು ಮಾಡುತ್ತಾರೆ. ಏನು ಕೆಲಸ ಎಂಬುದನ್ನು ಮಾತ್ರ ಕೊನೆಯವರೆಗೆ ಕೇಳಿಸಿಕೊಳ್ಳುವುದಿಲ್ಲ. ಮಗಳು ಸ್ಪಂದನಳ ಮದುವೆಗೆ ಹಾವೇರಿಯಿಂದ ಬಂದ ಬೀಗರು ಯಶವಂತಪುರದಲ್ಲಿ ಇಳಿದು ದಾರಿ ಕಾಯುತ್ತಿದ್ದಾಗ, ಇವರು ಮೆಜೆಸ್ಟಿಕ್ಕಿನಲ್ಲಿ ಇನ್ಯಾರದೋ ಮದುವೆಯ ಬೀಗರಿಗೆ ಗುಲಾಬಿ ಹಾರ ಹಾಕಿ, ವ್ಯಾನಿಗೆ ಹತ್ತಿಸಿ, ನಾಯಂಡಹಳ್ಳಿಯವರೆಗೂ ಕರೆತಂದುಬಿಟ್ಟಿದ್ದರು. ಆ ಜನ ಒಳ್ಳೆಯವರು. ಉಪಚಾರ ಚೆನ್ನಾಗಿದೆಯಲ್ಲ ಎಂದು ಅವರೂ ಸುಮ್ಮನೆ ಕೂತಿದ್ದರು.

ಅಸಲಿ ಬೀಗರಾದ ಚನ್ನವೀರಪ್ಪನವರು ಅದನ್ನು ಮರೆತಿರಲಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಜಗತ್ತಿನಲ್ಲಿ ಪ್ರತಿಯೊಂದಕ್ಕೂ ಒಂದು ಪದ್ಧತಿ ಇದೆ, ಅದು ಬೆಂಗಳೂರಿಗೆ ಇನ್ನೂ ಬಂದು ಮುಟ್ಟಿಲ್ಲ ಎಂಬುದು ಅವರ ದೃಢವಾದ ಅಭಿಪ್ರಾಯ. ಯಶವಂತಪುರದ ಪ್ಲಾಟ್‌ಫಾರ್ಮಿನಲ್ಲಿ ಆ ಅಭಿಪ್ರಾಯಕ್ಕೆ ಸಾಕ್ಷಿ ಸಿಕ್ಕಿತ್ತು.

ಈಗ ಸ್ಪಂದನಳಿಗೆ ಹೆಣ್ಣು ಮಗುವಾಗಿ ಮೂರು ತಿಂಗಳು. ಬಾಣಂತನ ತವರಿನಲ್ಲೇ. ಬರುವ ಭಾನುವಾರ ನಾಮಕರಣ ಎಂದು ನಿಶ್ಚಯವಾಯಿತು. ಈ ಸಲ ಹಾವೇರಿಯವರ ಬಾಯಲ್ಲಿ ಭೇಷ್ ಅನ್ನಿಸಲೇಬೇಕೆಂದು ಮುನಿರಾಜು ಪಣ ತೊಟ್ಟರು. ಅವರ ಹೆಂಡತಿ ವಿಮಲಮ್ಮನವರ ಎದೆ ಧಸಕ್ಕೆಂದದ್ದು ಆಗಲೇ.

ಹೆಸರಿನ ವಿಷಯದಲ್ಲಿ ಸ್ಪಂದನ ಮೊದಲಿನಿಂದಲೂ ಗಟ್ಟಿಯಾಗಿದ್ದಳು. ಅವಳು ಓದಿದ ಕ್ಲಾಸಿನಲ್ಲಿ ಅವಳೂ ಸೇರಿ ನಾಲ್ವರು ಸ್ಪಂದನರಿದ್ದರು. ಟೀಚರು ಕರೆದರೆ ಅರ್ಧ ಬೆಂಚು ಎದ್ದು ನಿಲ್ಲುತ್ತಿತ್ತು. ತನ್ನ ಮಗಳನ್ನು ಕರೆದರೆ ಮಗಳೊಬ್ಬಳೇ ಎದ್ದು ನಿಲ್ಲಬೇಕು. ಹೆಸರು ಚಿಕ್ಕದಿರಬೇಕು, ಹೊಸದಿರಬೇಕು, ಒಳ್ಳೆಯ ಅರ್ಥವಿರಬೇಕು. ಬಾಣಂತಿ ಕೋಣೆಯಲ್ಲಿ ಮಗು ಮಲಗಿದಾಗಲೆಲ್ಲ ಫೋನಿನಲ್ಲಿ ಹುಡುಕಿ ಹುಡುಕಿ, ಸಂಸ್ಕೃತ ಮುಗಿದು, ಪಾರ್ಸಿ ಮುಗಿದು, ಗ್ರೀಕ್ ಮುಗಿದು, ಕೊನೆಗೆ ಸಮುದ್ರದ ನಡುವಿನ ಹವಾಯಿ ದ್ವೀಪದವರ ಮಾತಿನಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಮೆಲೆ. ಎರಡೇ ಅಕ್ಷರ.

ಗಂಡ ಕಲ್ಮೇಶನಿಗೆ ಫೋನಿನಲ್ಲಿ ಹೇಳಿದಾಗ ಅವನು ಕೇಳಿದ: “ಮೇಲೆ ಅಂದಂಗೆ ಕೇಳ್ಸಲ್ವಾ?”

“ಮೇ ಅಲ್ಲ ಕಣೋ, ಮೆ. ಎಳೀಬಾರ್ದು. ಮೆಲೆ. ಎಷ್ಟು ಮಾಡರ್ನ್ ಆಗಿದೆ ನೋಡು!”

ಕಲ್ಮೇಶ ಎಳೆಯದೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿಕೊಂಡ. ಅವನ ಭಯ ಬೇರೆ ಇತ್ತು. ಅಪ್ಪ ಚನ್ನವೀರಪ್ಪನವರು ತಮ್ಮ ತಾಯಿ ಪಾರವ್ವನ ಹೆಸರನ್ನು ಮೊಮ್ಮಗಳಿಗೆ ಇಡಬೇಕೆಂದು ಮೂರು ತಿಂಗಳಿನಿಂದ ದಿನ ಬಿಟ್ಟು ದಿನ ನೆನಪಿಸುತ್ತಿದ್ದರು. ಆದ್ದರಿಂದ ತೊಟ್ಟಿಲ ಹತ್ತಿರ ಕೂಗುವವರೆಗೆ ಹೆಸರು ಗುಟ್ಟಾಗಿರಬೇಕು, ಒಮ್ಮೆ ಎಲ್ಲರೆದುರು ಕೂಗಿದ ಮೇಲೆ ಯಾರೂ ಏನೂ ಮಾಡುವಂತಿಲ್ಲ ಎಂದು ಗಂಡಹೆಂಡತಿ ಮಾತಾಡಿಕೊಂಡರು. ಶಾಸ್ತ್ರದ ಪ್ರಕಾರ ಹೆಸರು ಕೂಗಬೇಕಾದವಳು ಕಲ್ಮೇಶನ ತಂಗಿ ಅನಘಾ. ಅವಳಿಗೆ ಹಿಂದಿನ ದಿನ ಹೇಳಿದರಾಯಿತು. ಇನ್ನೊಬ್ಬರಿಗೆ ಮಾತ್ರ ಮೊದಲೇ ಹೇಳಲೇಬೇಕಾಗಿತ್ತು. ಬ್ಯಾನರ್ ಬರೆಸುವವರು ಮುನಿರಾಜು.

“ಅಪ್ಪ, ಬ್ಯಾನರ್ರು, ಗಿಫ್ಟ್ ಡಬ್ಬಿ ಎರಡೂ ನಿಮ್ಮ ಜವಾಬ್ದಾರಿ,” ಎಂದಳು ಸ್ಪಂದನ, ಬಾಣಂತಿ ಕೋಣೆಯ ಬಾಗಿಲಿಗೆ ಅವರನ್ನು ಕರೆದು. “ಡಬ್ಬಿ ಮೇಲೂ ಹೆಸರು ಕೆತ್ತಿಸಿ. ನಿಮಗೊಬ್ಬರಿಗೇ ಹೇಳ್ತಾ ಇದೀನಿ. ಅಮ್ಮಂಗೂ ಹೇಳ್ಬೇಡಿ.”

“ಅಮ್ಮಂಗೂ ಹೇಳ್ಬಾರ್ದಾ?” ಮುನಿರಾಜುಗೆ ಮದುವೆಯಾದಾಗಿನಿಂದ ಇಂಥದೊಂದು ಅವಕಾಶ ಸಿಕ್ಕಿರಲಿಲ್ಲ. “ಪ್ರಾಣ ಹೋದ್ರೂ ಹೇಳಲ್ಲ. ಏನು ಹೆಸ್ರು?”

ಅಷ್ಟರಲ್ಲಿ ಮಗುವಿಗೆ ನೀರು ಹಾಕಲು ದಿನಾ ಬರುವ ಪಾಪಮ್ಮ ಸೆರಗು ಸಿಕ್ಕಿಸುತ್ತ ಒಳಗೆ ಬಂದಳು. ಪಾಪಮ್ಮನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಉಲ್ಲಾಳ ದಾಟಿ ಕೆಂಗೇರಿ ಮುಟ್ಟುತ್ತಿತ್ತು. “ಮೆಸೇಜ್ ಹಾಕ್ತೀನಿ,” ಎಂದು ಸ್ಪಂದನ ಪಿಸುಗುಟ್ಟಿ ಬಾಗಿಲು ಮುಂದೆ ಮಾಡಿದಳು.

ಹಜಾರದಲ್ಲಿ ಕೂತ ಮುನಿರಾಜು ಅವರ ಫೋನು ಟಿಣ್ ಎಂದಿತು. ಸ್ಪಂದನ ಎಲ್ಲರಂತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವಳು. ಬರೆದಿದ್ದಳು: ಅಪ್ಪ, ಹೆಸರು ಮೆಲೆ.

ಈಗ ಇಲ್ಲಿ ನಾವು ಮುನಿರಾಜು ಅವರಿಗೆ ನ್ಯಾಯ ಒದಗಿಸಬೇಕು. ಇಂಗ್ಲಿಷ್ ಅಕ್ಷರಗಳಿಗೆ ದೀರ್ಘವೂ ಇಲ್ಲ, ಹ್ರಸ್ವವೂ ಇಲ್ಲ. ಮೆಲೆ ಎಂದರೂ ಅವೇ ನಾಲ್ಕು ಅಕ್ಷರ, ಮೇಲೆ ಎಂದರೂ ಅವೇ ನಾಲ್ಕು ಅಕ್ಷರ. ಮುನಿರಾಜು ಅವರ ಮನೆಯ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ‘ಅಂಕಲ್ ಮೇಲೆ ನೀರು ಬರ್ತಿಲ್ಲ’, ‘ಅಂಕಲ್ ಮೇಲೆ ಫ್ಯೂಸ್ ಹೋಗಿದೆ’ ಎಂದು ಆ ನಾಲ್ಕು ಅಕ್ಷರಗಳನ್ನು ಅವರು ದಿನಕ್ಕೆ ನಾಲ್ಕು ಸಲ ಓದುತ್ತಾರೆ. ಆದ್ದರಿಂದ ಮಗಳ ಮೆಸೇಜನ್ನು ಯಾವ ಕನ್ನಡಿಗನಾದರೂ ಓದುವ ಹಾಗೆಯೇ ಓದಿದರು. ಹೆಸರು ಮೇಲೆ. ಅಂದರೆ ಹೆಸರು ಮೇಲಿದೆ. ಮೇಲೆ ನೋಡಬೇಕು.

ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದು ಮೇಲೆ ನೋಡಿದರು. ಬೆಳಿಗ್ಗೆ ಅದೇ ಮಗಳು ಕಳಿಸಿದ, ನೀರಿನ ಗಲಾಟೆಯಲ್ಲಿ ಇವರು ಓದದೆ ಬಿಟ್ಟ ಮೆಸೇಜು ಅಲ್ಲಿತ್ತು: ‘ಧನ್ಯಶ್ರೀ ಫೈನಲ್ ಅಪ್ಪ. ಮಾವ ಹೇಳಿದ್ರು.’

ಧನ್ಯಶ್ರೀ ಎಂಬುದು ಗೋವಿಂದರಾಜನಗರದಲ್ಲಿರುವ ಪಾರ್ಟಿ ಹಾಲ್. ನಾಮಕರಣಕ್ಕೆ ಅದನ್ನು ಗೊತ್ತು ಮಾಡಿದವನು ವಿಮಲಮ್ಮನವರ ತಮ್ಮ ಭೈರೇಶ್. ಸ್ಪಂದನ ತಿಳಿಸಿದ್ದು ಅದನ್ನೇ. ಆದರೆ ಅಲ್ಲಿ ಹಿಂದೆ ರೈಸ್ ಮಿಲ್ ಇತ್ತು. ಮಿಲ್ಲು ಹೋಗಿ ಹಾಲ್ ಬಂದು ಎಷ್ಟೋ ವರ್ಷವಾದರೂ ಮುನಿರಾಜು ವಯಸ್ಸಿನವರಿಗೆ ಅದು ರೈಸ್ ಮಿಲ್ ಹಾಲೇ. ಅದಕ್ಕೆ ಬೇರೆ ಹೆಸರುಂಟು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

“ಧನ್ಯಶ್ರೀ,” ಎಂದು ಮೆಲ್ಲಗೆ ಹೇಳಿಕೊಂಡರು. ಎಂಥ ಲಕ್ಷಣವಾದ ಹೆಸರು! ಕಣ್ಣು ಒದ್ದೆಯಾಯಿತು. ಮರುಗಳಿಗೆಗೆ ಸ್ವಲ್ಪ ಹೊಟ್ಟೆ ಉರಿಯಿತು. ಮಾವ ಹೇಳಿದ್ರು! ಅಂದರೆ ಹೆಸರು ಸೂಚಿಸಿದವನು ಭೈರೇಶ. ತಾತನಿಗಿಂತ ಮೊದಲು ಅವನಿಗೆ ಗೊತ್ತು. ಹೋಗಲಿ, ಅವನೂ ನಮ್ಮವನೇ ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಆದರೂ ಈ ಸಲ ತಪ್ಪಾಗಬಾರದು. ಖಚಿತ ಮಾಡಿಕೊಳ್ಳಲು ಮತ್ತೆ ಬಾಣಂತಿ ಕೋಣೆಯ ಬಾಗಿಲಿಗೆ ಹೋದರು. ಪಾಪಮ್ಮ ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಗುಟ್ಟು ಬಿಡುವಂತಿಲ್ಲ. ಮುನಿರಾಜು ಕಣ್ಣು ಮಿಟುಕಿಸಿ ಕೇಳಿದರು: “ಮೇಲಿಂದು ತಾನೇ?”

ಸ್ಪಂದನ ಕಣ್ಣರಳಿಸಿ ತುಟಿಯ ಮೇಲೆ ಬೆರಳಿಟ್ಟಳು. “ಹೂಂ ಅಪ್ಪ. ಮೆಲೆ. ಅದೇ ಫೈನಲ್.”

“ಅದೇ ಫೈನಲ್,” ಎಂದರು ಅಪ್ಪ. ಇಬ್ಬರಿಗೂ ಪರಮ ಸಮಾಧಾನವಾಯಿತು.

ಮಾಗಡಿ ರಸ್ತೆಯ ಪಾತ್ರೆ ಅಂಗಡಿಯಲ್ಲಿ ದುಂಡಪ್ಪ ಎಂಬ ಮಾಲೀಕರು ಸ್ಟೀಲ್ ಡಬ್ಬಿಗಳ ಮುಚ್ಚಳದ ಮೇಲೆ ಟರ್‍ರೆಂದು ಹೆಸರು ಕೊರೆದುಕೊಟ್ಟರು. ಮುನಿರಾಜು ಮೊದಲನೆಯ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಪಕ್ಕದಲ್ಲೇ ನಿಂತು, ಧಕ್ಕೆ ಒತ್ತು ಬಂದಿದೆಯೇ, ಶ್ರೀಗೆ ಗುಡಿಸಿನ ದೀರ್ಘ ಬಂದಿದೆಯೇ ಎಂದು ನೋಡಿದರು. ಅಷ್ಟು ಎಚ್ಚರದಿಂದ ಒಂದು ತಪ್ಪನ್ನು ಯಾರೂ ಯಾವತ್ತೂ ತಿದ್ದಿರಲಾರರು.

ಫ್ಲೆಕ್ಸ್ ಅಂಗಡಿಯ ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಕೇಳಿದಳು: “ಪಾಪು ಫೋಟೋ ಕೊಡಿ ಅಂಕಲ್.”

“ಫೋಟೋ ಬೇಡಮ್ಮ. ದೃಷ್ಟಿಯಾಗುತ್ತೆ.”

“ಅಪ್ಪ ಅಮ್ಮನ ಹೆಸರು?”

“ಅದೂ ಬೇಡ. ಎಲ್ಲಾ ಹಾಕಿದ್ರೆ ಮಗು ಹೆಸರು ಸಣ್ಣದಾಗುತ್ತೆ. ‘ಧನ್ಯಶ್ರೀ’ ಅಂತ ದೊಡ್ಡದಾಗಿ. ಕೆಳಗೆ ‘ಸರ್ವರಿಗೂ ಸುಸ್ವಾಗತ’. ಸುತ್ತ ಹೂವು ಬಿಡಿ. ಹಾವೇರಿಯಿಂದ ಬರೋರು ಬಾಗಿಲಲ್ಲಿ ನಿಂತ್ರೂ ಕಾಣ್ಬೇಕು.”

ಹುಡುಗಿ ಹಾಗೆಯೇ ಮಾಡಿದಳು.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮುನಿರಾಜು ಆಟೋದಲ್ಲಿ ಡಬ್ಬಿಗಳ ಸಮೇತ ರೈಸ್ ಮಿಲ್ ಹಾಲಿನ ಮುಂದೆ ಇಳಿದರು. ತಲೆ ಎತ್ತಿದವರು ಹಾಗೆಯೇ ನಿಂತುಬಿಟ್ಟರು. ಕಟ್ಟಡದ ನೆತ್ತಿಯ ಮೇಲೆ, ಆಳೆತ್ತರದ ಅಕ್ಷರಗಳಲ್ಲಿ, ಹಗಲಲ್ಲೂ ಬಣ್ಣ ಬಣ್ಣದ ದೀಪ ಹತ್ತಿಸಿಕೊಂಡು, ಮೊಮ್ಮಗಳ ಹೆಸರು ಮಿನುಗುತ್ತಿತ್ತು. ಧನ್ಯಶ್ರೀ! ಅದರ ಮುಂದೆ ಸಣ್ಣಗೆ ಪಾರ್ಟಿ ಹಾಲ್ ಎಂದೂ ಇತ್ತು. ಅದು ಸರಿಯೇ, ಪಾರ್ಟಿ ನಡೆಯುವುದು ಹಾಲ್‌ನಲ್ಲಿ ತಾನೇ?

ಬಾಗಿಲಲ್ಲಿ ಚೆಂಡುಹೂವಿನ ಸರ ಕಟ್ಟಿಸುತ್ತಿದ್ದ ಭೈರೇಶನ ಬಳಿಗೆ ಓಡಿ, ಅವನನ್ನು ಗಟ್ಟಿಯಾಗಿ ತಬ್ಬಿಕೊಂಡರು.

“ಇಷ್ಟು ವರ್ಷ ನಿನ್ನನ್ನ ಅರ್ಥ ಮಾಡ್ಕೊಳ್ಳಲಿಲ್ಲ ಕಣೋ ಭೈರೇಶ.”

“ಏನಾಯ್ತು ಭಾವ?”

“ಏನಾಯ್ತು ಅಂತೀಯಲ್ಲೋ! ಮೇಲೆ ಲೈಟ್ ಹಾಕ್ಸಿದೀಯಲ್ಲ, ಅದು!”

“ಓ, ಅದಾ?” ಎಂದ ಭೈರೇಶ್. ಬೆಳಿಗ್ಗೆ ಲೈಟು ಹತ್ತಿರಲಿಲ್ಲವೆಂದು ಹಾಲಿನವರಿಗೆ ಹೇಳಿ ಸ್ವಿಚ್ ಹಾಕಿಸಿದ್ದು ಅವನೇ. ಅದಕ್ಕಿಷ್ಟು ಸಂಭ್ರಮವೇಕೆಂದು ತಿಳಿಯದಿದ್ದರೂ ಹೊಗಳಿಕೆಯನ್ನು ಬೇಡವೆನ್ನುವ ಪೈಕಿಯಲ್ಲ. “ಅಷ್ಟೂ ಮಾಡ್ದಿದ್ರೆ ಹೆಂಗೆ ಭಾವ.”

ಒಳಗೆ ತೊಟ್ಟಿಲಿನ ಹಿಂದೆ, ಗೋಡೆಯ ಎತ್ತರದಲ್ಲಿ ಮುನಿರಾಜು ತಮ್ಮ ಬ್ಯಾನರ್ ಕಟ್ಟಿಸಿದರು. ಧನ್ಯಶ್ರೀ, ಸರ್ವರಿಗೂ ಸುಸ್ವಾಗತ. ಆ ಹಾಲಿನಲ್ಲಿ ಹಾಗೊಂದು ಬ್ಯಾನರ್ ಇರುವುದು ಎಷ್ಟು ಸಹಜವಾಗಿತ್ತೆಂದರೆ ಬಂದ ಒಬ್ಬರೂ ಅದರ ಬಗ್ಗೆ ಎರಡನೆಯ ಸಲ ಯೋಚಿಸಲಿಲ್ಲ. ವಿಮಲಮ್ಮನವರು, ಹಾಲಿನವರು ಎಷ್ಟು ಚೆನ್ನಾಗಿ ಸ್ವಾಗತ ಕೋರಿದ್ದಾರೆ ನೋಡಿ ಎಂದು ಗಂಡನಿಗೇ ತೋರಿಸಿದರು. ಗಂಡ ಗುಟ್ಟು ಬಿಡದೆ ಮುಸಿಮುಸಿ ನಕ್ಕರು.

ಹಾವೇರಿಯವರು ಬಂದರು. ಈ ಸಲ ಕಲ್ಮೇಶನೇ ಹೋಗಿ ಕರೆತಂದಿದ್ದ. ಜರಿಪೇಟ ಸುತ್ತಿದ ಚನ್ನವೀರಪ್ಪ, ಇಳಕಲ್ ಸೀರೆ ಉಟ್ಟ ಅವರ ಹೆಂಡತಿ ಶಿವಕ್ಕ, ಮಗಳು ಅನಘಾ, ಹಿಂದೆ ಒಂದು ಟೆಂಪೋ ಟ್ರಾವೆಲರ್ ತುಂಬ ನೆಂಟರು. ಚನ್ನವೀರಪ್ಪನವರು ಕೈಗೆ ಬಂದ ಡಬ್ಬಿಯ ಮುಚ್ಚಳ ಓದಿ, ಬಾಗಿಲ ಮೇಲಿನ ಬೋರ್ಡ್ ಓದಿ, ಗೋಡೆಯ ಬ್ಯಾನರ್ ಓದಿದರು.

“ಏನ್ರೀ ಬೀಗರ, ಈ ಹಾಲಿನವ್ರು ಡಬ್ಬೀನೂ ತಾವ ಕೊಡ್ತಾರೇನ್ರಿ? ಭಾಳ ವ್ಯವಸ್ಥಿತ ಮಂದಿ.”

ಮುನಿರಾಜುಗೆ ಕೇಳಿಸಿದ್ದು ‘ವ್ಯವಸ್ಥಿತ’ ಎಂಬ ಒಂದು ಮಾತು. ಹಾವೇರಿಯವರ ಬಾಯಿಂದ! ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸೀರೆ ಉಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು ಮಗುವಿನೊಡನೆ ಬಂದ ಸ್ಪಂದನ ಸುತ್ತ ಕಣ್ಣಾಡಿಸಿದಳು. “ಅಪ್ಪ, ನಮ್ಮ ಬ್ಯಾನರ್ ಎಲ್ಲಿ?”

“ಮೇಲೆ!” ಎಂದರು ಮುನಿರಾಜು ಹೆಮ್ಮೆಯಿಂದ.

“ಶ್! ಜೋರಾಗಿ ಹೇಳ್ಬೇಡಿ ಅಪ್ಪ, ಎಲ್ಲಾ ಇದಾರೆ!” ಎಂದು ಅವಳು ಬೆಚ್ಚಿ ಅವರ ತೋಳು ಹಿಡಿದಳು. ಹೆಸರು ಕೂಗಿದ ಕೂಡಲೇ ಬಿಚ್ಚಲು ಅಪ್ಪ ಬ್ಯಾನರನ್ನು ಎಲ್ಲೋ ಸುತ್ತಿಟ್ಟಿದ್ದಾರೆ ಎಂದುಕೊಂಡಳು. ಅಪ್ಪನಿಗೆ ಇಷ್ಟೊಂದು ಬುದ್ಧಿ ಯಾವಾಗ ಬಂತು ಎಂದು ಅವಳಿಗೆ ಪ್ರೀತಿ ಉಕ್ಕಿತು.

ಮುಹೂರ್ತವಾಯಿತು. ಮಗುವನ್ನು ತೊಟ್ಟಿಲಿಗೆ ಹಾಕಿದರು. ಹಾವೇರಿ ಕಡೆ ಒಂದು ಪದ್ಧತಿಯುಂಟು. ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಶಾಸ್ತ್ರಕ್ಕೆ ಮೆಲ್ಲಗೆ ತಟ್ಟಿದರೆ ಸಾಕು. ಆದರೆ ಟೆಂಪೋ ಟ್ರಾವೆಲರಿನಲ್ಲಿ ರಾತ್ರಿಯೆಲ್ಲ ಕೂತು ಬಂದ ಹೆಂಗಸರಿಗೆ ಕೈಕಾಲು ಆಡಿಸಲು ಸಿಕ್ಕ ಮೊದಲ ಅವಕಾಶ ಅದು.

ಅನಘಾ ಬಗ್ಗಿದಳು. ಕುರ್‍ರ್ ಎಂದಳು. ತಲೆ ಎತ್ತಿ ಸಭೆಗೆ ಹೆಸರು ಕೂಗಲು ಬಾಯಿ ತೆರೆದಳು. ದಪದಪ ಬಿದ್ದ ಗುದ್ದಿಗೆ ಹ್ರಸ್ವವೆಲ್ಲ ದೀರ್ಘವಾಗಿ ಹೊರಗೆ ಬಂತು.

“ಮೇ-ಏ-ಲೇ!”

ಇಡೀ ಸಭೆ ಮೇಲೆ ನೋಡಿತು.

ಮೇಲೆ ಫ್ಯಾನ್ ತಿರುಗುತ್ತಿತ್ತು. ಅದರ ಕೆಳಗೆ ಕೂತಿದ್ದ ಅಜ್ಜಿಯೊಬ್ಬರು ಕುರ್ಚಿ ಸಮೇತ ಪಕ್ಕಕ್ಕೆ ಸರಿದರು. ಫೋಟೋಗ್ರಾಫರ್ ಕ್ಯಾಮೆರಾವನ್ನು ಸೂರಿಗೆ ತಿರುಗಿಸಿದ. “ಏನು ಮೇಲೆ? ಹಲ್ಲೀನಾ?” ಎಂದಳು ಪಾಪಮ್ಮ.

ಒಬ್ಬ ಮನುಷ್ಯ ಮಾತ್ರ ಗೊಂದಲಕ್ಕೆ ಬೀಳಲಿಲ್ಲ. ಹುಡುಗಿ ನಾಚಿಕೊಂಡು ಹೆಸರು ಹೇಳಲಾರದೆ ಬ್ಯಾನರ್ ತೋರಿಸುತ್ತಿದ್ದಾಳೆ ಎಂದು ಮುನಿರಾಜು ತತ್‌ಕ್ಷಣ ಗ್ರಹಿಸಿದರು. ಮುಂದೆ ನುಗ್ಗಿ, ಎರಡೂ ಕೈ ಎತ್ತಿ, ಬ್ಯಾನರಿನ ಕಡೆ ತೋರಿಸಿ, ಹಳೆಯ ಉಲ್ಲಾಳದ ಹೊಲದಲ್ಲಿ ಎತ್ತುಗಳನ್ನು ಕೂಗುವ ಗಂಟಲಿನಲ್ಲಿ ಕೂಗಿದರು:

“ಧನ್ಯಶ್ರೀ! ನನ್ನ ಮೊಮ್ಮಗಳು ಧನ್ಯಶ್ರೀ!”

“ಧನ್ಯಶ್ರೀ!” ಎಂದು ಸಭೆ ಕೂಗಿತು. ಅಕ್ಷತೆ ಮಳೆಯಾಗಿ ಸುರಿಯಿತು. ವಾದ್ಯದವರು ಊದಿದರು. ಆ ಗದ್ದಲದಲ್ಲಿ ಅದು ಹಾಲಿನ ಹೆಸರೆಂಬುದು ಯಾರಿಗೂ ಹೊಳೆಯಲಿಲ್ಲ. ಚನ್ನವೀರಪ್ಪನವರು ಪೇಟ ಸರಿಮಾಡಿಕೊಂಡು ಎದ್ದು ಬಂದು, ಮುನಿರಾಜು ಅವರ ಎರಡೂ ಕೈ ಹಿಡಿದು, “ಛಲೋ ಹೆಸ್ರ ಇಟ್ರಿ ಬೀಗರ! ಈಗಿನ ಹುಡುಗ್ರು ಏನರ ಇಂಗ್ಲಿಷ್ ಹೆಸ್ರ ಇಡ್ತಾರಂತ ಅಂಜಿದ್ದೆ. ಭೇಷ್!” ಎಂದರು.

ಮುನಿರಾಜು ಅವರ ಬಾಳಿನ ಅತ್ಯಂತ ಸುಖದ ಗಳಿಗೆ ಅದು. ಸ್ಪಂದನಳ ಮುಖ ನೋಡುವವರೆಗೆ ಇತ್ತು.

“ಅಪ್ಪ,” ಎಂದಳು ಅವಳು. “ಧನ್ಯಶ್ರೀ ಈ ಹಾಲಿನ ಹೆಸರು ಅಪ್ಪ.”

“ಯಾವ ಹಾಲಿಂದು?”

“ನಾವು ನಿಂತಿರೋ ಹಾಲಿಂದು!”

ಭೈರೇಶ್ ಒಂದು ಗಳಿಗೆ ಬ್ಯಾನರ್ ನೋಡಿದ, ಡಬ್ಬಿ ನೋಡಿದ, ಬೆಳಗಿನ ತಬ್ಬುಗೆ ನೆನೆಸಿಕೊಂಡ. ಎಲ್ಲವೂ ಒಟ್ಟಿಗೆ ಹೊಳೆಯಿತು. “ಅಯ್ಯೋ ಭಾವ! ಮಗೂಗೆ ಪಾರ್ಟಿ ಹಾಲ್ ಹೆಸರಿಟ್ಟುಬಿಟ್ರಲ್ಲ! ಎಸಿನೋ, ನಾನ್ ಎಸಿನೋ?” ಎಂದು ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದ.

ನಗು ಹಾಲಿನ ತುದಿಯವರೆಗೆ ಹಬ್ಬಿತು. ಅಡುಗೆಮನೆಯಿಂದ ಬಡಿಸುವವರೂ ಬಂದು ನಿಂತರು. ನಗದೆ ಇದ್ದವರು ಮೂವರು. ಮುನಿರಾಜು, ಚನ್ನವೀರಪ್ಪ, ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಸ್ಪಂದನ.

ಮುನಿರಾಜು ಬಾಗಿಲು ತಟ್ಟಿ ಒಳಗೆ ಹೋದಾಗ ಅಲ್ಲಿ ಹೊಸ ನ್ಯಾಯ ನಡೆಯುತ್ತಿತ್ತು. ವಿಮಲಮ್ಮ, ಕಲ್ಮೇಶ, ಚನ್ನವೀರಪ್ಪ, ಶಿವಕ್ಕ ಎಲ್ಲ ಅಲ್ಲೇ ಇದ್ದರು.

“ತೊಟ್ಟಿಲ ಮುಂದ ಕೂಗಿ ಆತು, ಅಕ್ಕಿ ಬಿದ್ದು ಆತು,” ಎನ್ನುತ್ತಿದ್ದರು ಚನ್ನವೀರಪ್ಪ. “ಇನ್ನ ಹೆಸ್ರ ತಿರುಗಿ ತಗೊಳ್ಳೂ ಪದ್ಧತಿ ಎಲ್ಲೂ ಇಲ್ಲ. ಧನ್ಯಶ್ರೀನ ಆಗ್ಲಿ. ಅದೇನದು ನೀವು ಇಟ್ಟದ್ದು?”

“ಮೆಲೆ ಅಂತ ಅಪ್ಪಾರ,” ಎಂದ ಕಲ್ಮೇಶ ಗೋಡೆ ನೋಡುತ್ತ. “ಹವಾಯಿ ಹೆಸ್ರು.”

ಬಾಗಿಲ ಸಂದಿಯಿಂದ ಪಾಪಮ್ಮನ ದನಿ ಕೇಳಿತು. “ಹವಾಯಿ ಚಪ್ಪಲಿ ಬರುತ್ತಲ್ಲ, ಆ ಊರಾ?”

ಚನ್ನವೀರಪ್ಪನವರ ಮುಖ ಕೆಂಪೇರಿತು. “ಕೇಳಿದ್ಯಾ ಕಲ್ಮೇಶ? ನನ್ನವ್ವನ ಹೆಸ್ರ ಬಿಟ್ಟು ಚಪ್ಪಲಿ ಊರಿನ ಹೆಸ್ರ ಹುಡುಕೀರೇನು?”

ಮೂಲೆಯಲ್ಲಿ ಕೂತಿದ್ದ ಸ್ಪಂದನ ಯಾರನ್ನೂ ನೋಡಲಿಲ್ಲ. ಅಪ್ಪನನ್ನು ಮಾತ್ರ ನೋಡಿದಳು.

“ಅಪ್ಪ, ಮೆಲೆ ಅಂದ್ರೆ ಏನು ಗೊತ್ತಾ? ಹಾಡು ಅಂತ. ಏಳನೇ ತಿಂಗಳಲ್ಲಿ ನನ್ನ ಆಸ್ಪತ್ರೇಲಿ ಮಲಗಿಸಿದ್ರಲ್ಲ, ಮಗು ಅಲ್ಲಾಡ್ತಾನೇ ಇಲ್ಲ ಅಂತ ಎಲ್ಲಾ ಗಾಬರಿ. ನೀವು ಬಂದು ಪಕ್ಕದಲ್ಲಿ ಕೂತು ಏನೇನೋ ಹಾಡ್ತಿದ್ರಿ. ರಾಗ ಇಲ್ಲ, ತಾಳ ಇಲ್ಲ. ನರ್ಸ್ ಬಂದು ಬಾಗಿಲು ಹಾಕ್ಕೊಂಡು ಹೋಗೋಳು. ನೀವು ಹಾಡಿದ್ರೆ ಮಾತ್ರ ಇವಳು ಒದೆಯೋಳು ಅಪ್ಪ.” ಅವಳು ಮೂಗು ಒರೆಸಿಕೊಂಡಳು. “ಗೀತಾ, ಗಾನವಿ, ರಾಗಿಣಿ, ಎಲ್ಲಾ ನಮ್ಮ ನೆಂಟರಲ್ಲೇ ಇದಾರೆ. ನನಗೆ ನಿಮ್ಮ ಹಾಡಿಗೇ ಅಂತ ಬೇರೆ ಒಂದು ಹೆಸರು ಬೇಕಿತ್ತು.”

ವಿಮಲಮ್ಮನವರು ಗಂಡನನ್ನು ಬೈಯಲು ಕೂಡಿಟ್ಟದ್ದನ್ನೆಲ್ಲ ಅಲ್ಲೇ ನುಂಗಿ, ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವಳು ಒದೀತಿದ್ದಿದ್ದು ಖುಷಿಗೋ, ನಿಲ್ಲಿಸಿ ಅಂತಲೋ, ಅದು ಮಾತ್ರ ಗೊತ್ತಿಲ್ಲ ಮಾವ,” ಎಂದ ಕಲ್ಮೇಶ. ಯಾರೂ ನಗಲಿಲ್ಲ. ಅವನು ಮತ್ತೆ ಗೋಡೆ ನೋಡಿದ.

ಮುನಿರಾಜು ತಿರುಗಿ ಸೀದಾ ವೇದಿಕೆಗೆ ಹೋಗಿ ವಾದ್ಯದವರ ಕೈಯಿಂದ ಮೈಕ್ ಕಿತ್ತುಕೊಂಡರು. ಎಲೆಗಳ ಮುಂದೆ ಕೂತಿದ್ದವರೂ ಇತ್ತ ತಿರುಗಿದರು.

“ನೆಂಟರೇ, ಬೀಗರೇ. ನಾನೊಬ್ಬ ಪೆದ್ದ. ಇದು ನಿಮಗೆ ಮೊದಲೇ ಗೊತ್ತು. ಧನ್ಯಶ್ರೀ ಅಲ್ಲ. ಧನ್ಯಶ್ರೀ ಈ ಕಟ್ಟಡ. ನನ್ನ ಮೊಮ್ಮಗಳ ಹೆಸರು ಮೆಲೆ. ದಯಮಾಡಿ ಮೇಲೆ ನೋಡ್ಬೇಡಿ.”

ನೂರು ಜನ ಮೇಲೆ ನೋಡಿದರು.

“ನೋಡ್ಬೇಡಿ ಅಂದ್ನಲ್ಲ! ಮೆ. ಲೆ. ಎಳೀಬಾರ್ದು. ಹಾಡು ಅಂತ ಅರ್ಥ. ಸಮುದ್ರದ ಮಧ್ಯ ಇರೋ ಜನ ಹಂಗಂತಾರೆ. ಚಪ್ಪಲಿಗೂ ಇದಕ್ಕೂ ಸಂಬಂಧ ಇಲ್ಲ.” ಅವರು ಉಸಿರು ತೆಗೆದುಕೊಂಡರು. “ನನಗೆ ಹಾಡಕ್ಕೆ ಬರಲ್ಲ. ಆದ್ರೂ ನನ್ನ ಮಗಳಿಗೆ ಅದು ಹಾಡು ಅಂತ ಕೇಳಿಸ್ತಂತೆ. ಬೀಗರೇ, ಪದ್ಧತಿ ತಪ್ಪಿದ್ದು ನಾನು, ಮಗು ಅಲ್ಲ. ಬೇಕಾದ್ರೆ ಕುರ್‍ರ್ ಅಂತ ಇನ್ನೊಂದ್ಸಲ ಮಾಡ್ಸಿ. ಗುದ್ದು ನನಗೆ ಹಾಕ್ಸಿ.”

ಎಲ್ಲರೂ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ ಚನ್ನವೀರಪ್ಪನವರನ್ನು ನೋಡಿದರು.

ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಶಿವಕ್ಕ, ಸೊಸೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಆ ಹೆಸರನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿ ನೋಡಿದರು. ಹೊಸದಾಗಿ ಕೊಂಡ ಪಾತ್ರೆಯನ್ನು ತಟ್ಟಿ ನೋಡುವ ಹಾಗೆ. ಆಮೇಲೆ ಅದಕ್ಕೆ ತಮ್ಮ ಊರಿನ ಹಿಡಿಯೊಂದನ್ನು ಜೋಡಿಸಿದರು.

“ಮೆಲವ್ವಾ,” ಎಂದರು. “ಯಾಕ ನನ್ನ ಮೆಲವ್ವ? ಅಜ್ಜಾರು ಸಿಟ್ಟಾಗ್ಯಾರೇನ?”

ಮಗು ಬೊಚ್ಚುಬಾಯಿ ಅಗಲಿಸಿ ನಕ್ಕಿತು.

ಚನ್ನವೀರಪ್ಪನವರು ಬಗ್ಗಿ ಮಗುವಿನ ಮುಖ ನೋಡಿದರು. “ಮೆಲವ್ವ,” ಎಂದರು, ಪರೀಕ್ಷೆಗೆ. ಇನ್ನೊಮ್ಮೆ ಎಂದರು. “ಪಾರವ್ವ, ಮೆಲವ್ವ. ಹೂಂ. ಕುಟುಂಬದಾಗ ಕೂಡ್ತದ.” ಆಮೇಲೆ ಗಂಟಲು ಸರಿಮಾಡಿಕೊಂಡು, ಯಾರಿಗೂ ನೇರವಾಗಿ ಅಲ್ಲದೆ ಸಭೆಗೆ ಅಪ್ಪಣೆ ಕೊಡಿಸಿದರು: “ಇನ್ನೊಮ್ಮೆ ಮಾಡಾಕ ಅಡ್ಡಿಯಿಲ್ಲ. ಮೊದಲಿಂದು ಹಾಲಿಗೆ ಆತು ಅಂತ ತಿಳ್ಕೊಳ್ರಿ.”

ಅಕ್ಷತೆ ಮುಗಿದಿತ್ತು. ಅಡುಗೆಯವರು ಅಕ್ಕಿ ತಂದುಕೊಟ್ಟರು, ವಿಮಲಮ್ಮ ಅರಿಶಿನ ಬೆರೆಸಿದರು. ಅನಘಾ ಬಗ್ಗಿದಳು. ಗುದ್ದೆಲ್ಲ ಮುನಿರಾಜು ಅವರ ಬೆನ್ನಿಗೆ ಬಿತ್ತು. ಹೆಸರು ಹ್ರಸ್ವದಲ್ಲಿ, ಸ್ಪಷ್ಟವಾಗಿ ಹೊರಗೆ ಬಂತು. ಹಾಲಿನ ಮಾಲೀಕರೂ ಬಂದು ಅಕ್ಷತೆ ಹಾಕಿ, ಇಷ್ಟು ಡಬ್ಬಿಗಳ ಮೇಲೆ ತಮ್ಮ ಹಾಲಿನ ಹೆಸರು ಕೆತ್ತಿಸಿದ ಪುಣ್ಯಾತ್ಮ ಯಾರೆಂದು ಕೇಳಿಕೊಂಡು ಹೋಗಿ ಮುನಿರಾಜುಗೆ ಶಾಲು ಹೊದಿಸಿದರು.

ಮಾರನೆಯ ದಿನ ಜನನ ಪತ್ರದಲ್ಲಿ ಹೆಸರು ಸೇರಿಸಲು ಮುನಿರಾಜು ಹೊರಟಾಗ, ಅವರೊಬ್ಬರನ್ನೇ ಕಳಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. “ನಾನು ಹೋಗ್ತೀನಿ ಇವ್ರ ಸಂಗಾಟ,” ಎಂದು ಚನ್ನವೀರಪ್ಪನವರು ಪೇಟ ಸುತ್ತಿಕೊಂಡರು. ಇಬ್ಬರೂ ಸ್ಕೂಟರಿನಲ್ಲಿ ಹೋದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಚನ್ನವೀರಪ್ಪನವರು ಎಡಕ್ಕೆ, ಬಲಕ್ಕೆ, ನಿಧಾನ ಎಂದು ಪದ್ಧತಿ ಹೇಳಿಕೊಡುತ್ತಿದ್ದರು.

ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: “ಮಗು ಹೆಸರು?”

“ಮೆಲೆ,” ಎಂದರು ಮುನಿರಾಜು.

“ಮೇಲೆ ಇರೋದು ತಂದೆ ಹೆಸರು ಸಾರ್. ನಾನು ಕೇಳ್ತಿರೋದು ಮಗುದು.”

“ಅಲ್ಲ ಸಾರ್. ಮಗು ಹೆಸರೇ ಮೆಲೆ. ಮಕ್ಕೆ ಎತ್ವ, ಲಕ್ಕೆ ಎತ್ವ. ಎರಡಕ್ಕೂ ದೀರ್ಘ ಇಲ್ಲ. ಎರಡೇ ಅಕ್ಷರ.” ಮುನಿರಾಜು ಕಿಟಕಿಯೊಳಗೆ ತಲೆ ತೂರಿಸಿ ಪರದೆಯನ್ನೇ ನೋಡುತ್ತ ನಿಂತರು. “ಆ ದೀರ್ಘ ಅಳಿಸಿ ಸಾರ್. ಹಾಂ. ಈಗ ಸರಿ.”

ಗುಮಾಸ್ತ ಮೊದಲ ಸಲ ತಲೆ ಎತ್ತಿ ಇಬ್ಬರನ್ನೂ ನೋಡಿದ. ಒಬ್ಬರ ತಲೆಯ ಮೇಲೆ ಹೆಲ್ಮೆಟ್, ಇನ್ನೊಬ್ಬರ ತಲೆಯ ಮೇಲೆ ಜರಿಪೇಟ.

“ಯಾವತ್ತೂ ಕೇಳಿಲ್ಲ ಈ ಹೆಸರು. ಯಾವ ಭಾಷೆ ಸಾರ್ ಇದು?”

ಮುನಿರಾಜು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚನ್ನವೀರಪ್ಪನವರು ಅವರ ಹೆಗಲ ಮೇಲೆ ಕೈಯಿಟ್ಟು ಮುಂದೆ ಬಂದರು.

“ನಮ್ಮ ಮನೀ ಭಾಷಾ ರೀ,” ಎಂದರು. “ಬರ್ಕೊಳ್ರಿ.”